ಕುಷ್ಟಗಿಗೆ ರೈಲು ಬಂತು, ದೊಡ್ಡಪ್ಪ ಹತ್ತಿದ

ಇವತ್ತು ರಾಜಕೀಯ ಇಲ್ಲ. ಡಿಬೇಟ್ ಇಲ್ಲ, ನಾಲ್ಕು ಜನರನ್ನ ಕೂರಿಸಿ ಜಗಳ ಹಚ್ಚೋದೂ ಇಲ್ಲ. ಒಂದು ಹಳೇ ಸುದ್ದಿ ಹಿಡಿದುಕೊಂಡು ಕೂತಿದ್ದೀನಿ.

2025ರ ಮೇ 15. ಆ ವಾರ ನಿಮಗೆಲ್ಲ ನೆನಪಿರುತ್ತೆ. ಆಪರೇಷನ್ ಸಿಂಧೂರ ನಡೆದು, ಕದನ ವಿರಾಮ ಘೋಷಣೆಯಾಗಿ ಐದೇ ದಿನ. ನಮ್ಮ ಚಾನೆಲ್ಲುಗಳ ತೆರೆ ತುಂಬ ಡ್ರೋನು, ಕ್ಷಿಪಣಿ, ನಕಾಶೆ. ಆ ಗದ್ದಲದ ಮಧ್ಯೆ ಕೊಪ್ಪಳ ಜಿಲ್ಲೆಯಿಂದ ಒಂದು ದೃಶ್ಯ ಬಂತು. ಕುಷ್ಟಗಿ ನಿಲ್ದಾಣ, ನಿಂತ ರೈಲು, ಸುತ್ತ ಜಾತ್ರೆಯಂಥ ಜನ, ಹಸಿರು ಬಾವುಟ ಹಿಡಿದ ಕೇಂದ್ರ ಸಚಿವ ವಿ. ಸೋಮಣ್ಣ. ಕುಷ್ಟಗಿ–ಹುಬ್ಬಳ್ಳಿ ನಡುವಿನ ಮೊದಲ ರೈಲು. ನಮ್ಮ ಬುಲೆಟಿನ್‌ನಲ್ಲಿ ಅದಕ್ಕೆ ಸಿಕ್ಕಿದ್ದು ನಲವತ್ತು ಸೆಕೆಂಡ್.

ಆಫೀಸಿನಲ್ಲಿ ಹುಡುಗರೊಬ್ಬರು ಕೇಳಿದರು, "ಸರ್, ಕೊಪ್ಪಳಕ್ಕೆ ಮೊದಲೇ ರೈಲು ಇತ್ತಲ್ವಾ?" ಇತ್ತಪ್ಪಾ. ಕೊಪ್ಪಳ ಪಟ್ಟಣಕ್ಕೆ ಬ್ರಿಟಿಷರ ಕಾಲದಿಂದ ಇದೆ, ಹುಬ್ಬಳ್ಳಿ–ಗುಂತಕಲ್ ದಾರಿ. ಗಂಗಾವತಿಗೆ ಬಂದಿದ್ದು 2019ರಲ್ಲಿ, ಗಿಣಿಗೇರಾದಿಂದ ಮೆಹಬೂಬನಗರಕ್ಕೆ ಹೊರಟ ಲೈನು. ಯಲಬುರ್ಗಾ ಮತ್ತು ಕುಷ್ಟಗಿಗೆ ಏನೂ ಇರಲಿಲ್ಲ. ಗದಗ–ವಾಡಿ ಮಾರ್ಗ ಅನ್ನೋದು ನಿಜಾಮರ ಕಾಲದಿಂದ ಕೇಳ್ತಾ ಬಂದ ಮಾತು ಅಂತ ನಮ್ಮ ಹಿರಿಯರು ಹೇಳೋರು. ಮಂಜೂರಾಗಿದ್ದು 2013-14ರ ರೈಲ್ವೆ ಬಜೆಟ್ಟಿನಲ್ಲಿ. ತಳಕಲ್‌ನಿಂದ ಕವಲೊಡೆದು ಕುಕನೂರು, ಯಲಬುರ್ಗಾ, ಕುಷ್ಟಗಿ, ಮುಂದೆ ಮುದಗಲ್, ಲಿಂಗಸುಗೂರು, ಸುರಪುರ, ಶಹಾಪುರ, ವಾಡಿ. ಅದರಲ್ಲಿ ಕುಷ್ಟಗಿ ತನಕ ಬಂದು ಮುಟ್ಟೋಕೆ ಹನ್ನೆರಡು ವರ್ಷ ಹಿಡಿಯಿತು.

ಕೊಪ್ಪಳದ ಬಗ್ಗೆ ಸ್ಕ್ರಿಪ್ಟ್ ಬರೆಯೋ ಹುಡುಗರು ಯಾವಾಗಲೂ ಅಶೋಕನಿಂದ ಶುರು ಮಾಡ್ತಾರೆ. ಗವಿಮಠದಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನ ಇದೆ. ಇಟಗಿಯಲ್ಲಿ 1112ರ ಮಹಾದೇವ ದೇವಾಲಯ ಇದೆ, ಅದನ್ನ ಶಾಸನವೇ ದೇವಾಲಯ ಚಕ್ರವರ್ತಿ ಅಂತ ಕರೆದಿದೆ. ಎಲ್ಲ ನಿಜ. ಇತಿಹಾಸಕ್ಕೆ ನಮ್ಮಲ್ಲಿ ಬರ ಇಲ್ಲ. ಇಟಗಿಗೆ ಹೋಗೋ ಬಸ್ಸಿಗೆ ಇತ್ತು ನೋಡಿ, ಅದನ್ನ ಯಾರೂ ಬರೆಯಲ್ಲ.

ನಮ್ಮ ದೊಡ್ಡಪ್ಪ ಕುಷ್ಟಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ದೊಡ್ಡವ್ವ ತೀರಿಕೊಂಡು ಆರು ವರ್ಷ. ವಯಸ್ಸು ಎಷ್ಟು ಅಂದರೆ, "ರಜಾಕಾರರ ಹಾವಳಿಯಾಗ ನಾ ನಮ್ಮವ್ವನ ಬಗಲಾಗ ಇದ್ದೆ" ಅಂತಾರೆ. ದೇಶಕ್ಕೆ 1947ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂದರೆ ನಮ್ಮ ಕಡೆ ಬಂದಿದ್ದು 1948ರ ಸೆಪ್ಟೆಂಬರ್ 17ಕ್ಕೆ. ಆ ಲೆಕ್ಕ ಹಿಡಿದರೆ ಎಂಬತ್ತರ ಆಸುಪಾಸು. ಆಧಾರ್ ಕಾರ್ಡ್ ಪ್ರಕಾರ ಹುಟ್ಟಿದ್ದು ಜನವರಿ ಒಂದು. ನಮ್ಮೂರಲ್ಲಿ ಅರ್ಧ ಊರು ಹುಟ್ಟಿದ್ದು ಜನವರಿ ಒಂದಕ್ಕೇ, ಉಳಿದರ್ಧ ಜೂನ್ ಒಂದಕ್ಕೆ. ಹೊಸ ವರ್ಷದ ದಿನ ಬೆಂಗಳೂರಿನಿಂದ ಮೊಮ್ಮಕ್ಕಳು ಫೋನ್ ಮಾಡಿ ಹ್ಯಾಪಿ ಬರ್ತ್‌ಡೇ ಅಂದರೆ, ಅಜ್ಜನಿಗೆ ಅದು ಯಾವುದಕ್ಕೆ ಅಂತ ಇವತ್ತಿಗೂ ಗೊತ್ತಿಲ್ಲ. "ಹೂಂ, ನಿಮಗೂ" ಅಂತಾರೆ.

ಅವರ ಅಪ್ಪ, ಅಂದರೆ ನನ್ನ ಅಜ್ಜ, ಮುನಿರಾಬಾದಿಗೆ ಹೋಗಿ ತುಂಗಭದ್ರಾ ಡ್ಯಾಮಿನ ಕೆಲಸದಲ್ಲಿ ಕಲ್ಲು ಹೊತ್ತವರು. 1945ರಲ್ಲಿ ಶುರುವಾಗಿ 1953ಕ್ಕೆ ನೀರು ನಿಂತ ಡ್ಯಾಮು ಅದು. ನೀರು ನಿಂತಿತು, ಎಡದಂಡೆ ಕಾಲುವೆ ಹಿಡಿದು ಗಂಗಾವತಿ ಕಡೆ ಹೋಯಿತು. ಗಂಗಾವತಿ ಭತ್ತದ ಕಣಜ ಆಯಿತು. ಆಂಧ್ರದಿಂದ ಜನ ಬಂದು ಕ್ಯಾಂಪ್ ಕಟ್ಟಿಕೊಂಡರು, ಈಗಲೂ ಆ ಕಡೆ ಊರಿನ ಹೆಸರುಗಳ ಹಿಂದೆ ಕ್ಯಾಂಪ್ ಅಂತ ಇರುತ್ತೆ. ಕಲ್ಲು ಹೊತ್ತ ಕುಷ್ಟಗಿಗೆ ಆ ನೀರು ಏರಲಿಲ್ಲ, ಯಲಬುರ್ಗಾಕ್ಕೂ ಇಲ್ಲ. ಹಾಗಾಗಿ ಒಂದೇ ಜಿಲ್ಲೆಯಲ್ಲಿ ಎರಡು ಥರದ ಜನ. ಒಬ್ಬರು ಭತ್ತ ನಾಟಿಗೆ ಕರೆಯೋರು, ಇನ್ನೊಬ್ಬರು ಟಂಟಂ ಹತ್ತಿ ನಾಟಿಗೆ ಹೋಗೋರು. ಅದೂ ಸಾಲದೇ ಹೋದರೆ ಗುಳೆ. ಮಂಗಳೂರು, ಗೋವಾ, ಬೆಂಗಳೂರು. ನಾವು ಪ್ರವಾಸ ಅಂತೀವಲ್ಲ, ಆ ಶಬ್ದ ನಮ್ಮೂರಲ್ಲಿ ಶಾಲೆ ಮಕ್ಕಳಿಗೆ ಮಾತ್ರ. ದೊಡ್ಡವರಿಗೆ ಇದ್ದಿದ್ದು ಮೂರು: ದುಡಿಯಾಕ ಹೋಗೂದು, ಜಾತ್ರಿಗೆ ಹೋಗೂದು, ದವಾಖಾನಿಗೆ ಹೋಗೂದು.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ ನಾವೆಲ್ಲ ಸ್ಟುಡಿಯೋದಲ್ಲಿದ್ವಿ. ಮೂವತ್ತಮೂರು ಗೇಟಿನ ಡ್ಯಾಮು, ಒಂದು ಗೇಟು ಹೋದದ್ದಕ್ಕೆ ನಾಲ್ಕು ಜಿಲ್ಲೆ ನಿದ್ದೆ ಬಿಟ್ಟವು. ಮಧ್ಯೆ ಬ್ರೇಕ್‌ನಲ್ಲಿ ದೊಡ್ಡಪ್ಪನ ಫೋನು. "ತಮ್ಮಾ, ಕಲ್ಲಿಗೆ ಏನರ ಆಗೇತೇನು?" ಇಲ್ಲ ದೊಡ್ಡಪ್ಪ, ಹೋಗಿದ್ದು ಕಬ್ಬಿಣದ ಗೇಟು, ಕಟ್ಟಡಕ್ಕೇನೂ ಆಗಿಲ್ಲ ಅಂದೆ. "ಹಂಗಾದ್ರ ಚಿಂತಿಲ್ಲ ಬಿಡು" ಅಂತ ಫೋನ್ ಇಟ್ಟರು. ಆಮೇಲೆ ಆ ಗೇಟಿನ ಜಾಗಕ್ಕೆ ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ನಿಲ್ಲಿಸಿದ್ದು ಕನ್ನಯ್ಯ ನಾಯ್ಡು, ನಿವೃತ್ತ ಇಂಜಿನಿಯರ್, ದೊಡ್ಡಪ್ಪನ ವಾರಿಗೆಯವರೇ. ಅವರನ್ನ ಟಿವಿಯಲ್ಲಿ ನೋಡಿ ದೊಡ್ಡಪ್ಪನಿಗೆ ಭಾಳ ಖುಷಿ. "ಮುದುಕನ್ನ ಕರಸಬೇಕಾತು ನೋಡು" ಅಂತ ಓಣಿಯವರಿಗೆಲ್ಲ ಹೇಳಿದರಂತೆ.

ನಾನು ಟಿವಿಯಲ್ಲಿ ಬರೋದರಿಂದ ಒಂದು ವಿಚಿತ್ರ ಸಂಬಂಧ ನಮ್ಮಿಬ್ಬರದು. ರಾತ್ರಿ ಒಂಬತ್ತಕ್ಕೆ ಅವರು ರೊಟ್ಟಿ, ಗುರೆಳ್ಳು ಹಿಂಡಿ ಮುಂದಿಟ್ಟುಕೊಂಡು ನನ್ನ ನೋಡ್ತಾರೆ. ಊರಿಗೆ ಯಾವಾಗ ಬರಲಿ ಅಂತ ಕೇಳಿದರೆ, "ದಿನಾ ಬರ್ತೀಯಲ್ಲೋ" ಅಂತಾರೆ. ವ್ಯಂಗ್ಯ ಇಲ್ಲ ಅದರಲ್ಲಿ. ಟಿವಿಯಲ್ಲಿ ನಾನು ಕೆಮ್ಮಿದರೆ ಮರುದಿನ ಫೋನು, ಬೆಲ್ಲದ ನೀರು ಕುಡಿ ಅಂತ. ಅವರಿಗೆ ಕೆಮ್ಮಿದ್ದರೆ ನನಗೆ ಗೊತ್ತಾಗೋ ದಾರಿ ಇಲ್ಲ.

ಆ ದಾರಿಯನ್ನ ಅವರ ಮಕ್ಕಳು ಮಾಡಿದರು. ನನ್ನ ಅಣ್ಣತಮ್ಮ ಇಬ್ಬರೂ ಬೆಂಗಳೂರಿನ ಪೀಣ್ಯ ಕಡೆ ಇರ್ತಾರೆ. ಒಬ್ಬ ಟ್ಯಾಕ್ಸಿ ಓಡಿಸ್ತಾನೆ, ಇನ್ನೊಬ್ಬನಿಗೆ ಫ್ಯಾಕ್ಟರಿಯಲ್ಲಿ ಕೆಲಸ. ಕೆಟ್ಟವರಲ್ಲ, ಹೇಳಿಬಿಡ್ತೀನಿ. ತಿಂಗಳು ತಿಂಗಳು ದುಡ್ಡು ಕಳಿಸ್ತಾರೆ, ಗುಳಿಗೆ ಕಳಿಸ್ತಾರೆ. ಬಾ ಅಂತ ಕರೆದೂ ಆಯಿತು. ದೊಡ್ಡಪ್ಪ ಹೋಗಿ ಹದಿನೈದು ದಿನ ಇದ್ದು ವಾಪಸ್ ಬಂದರು. ಎರಡನೇ ಮಹಡಿ, ಕೆಳಗಿಳಿದರೆ ಕೂರೋಕೆ ಕಟ್ಟೆ ಇಲ್ಲ. "ಅಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲೋ. ಅಂಕಲ್ ಅಂತಾರ" ಅಂದರು. ಎಂಬತ್ತು ವರ್ಷಕ್ಕೆ ಅಂಕಲ್ ಆಗೋದು ಅವರಿಗೆ ಸರಿ ಕಾಣಲಿಲ್ಲ.

ಸರಿ, ಊರಲ್ಲೇ ಇರಲಿ, ಆದರೆ ಬಿದ್ದು ಗಿದ್ದರೆ ಗೊತ್ತಾಗಬೇಕಲ್ಲ ಅಂತ ಪಡಸಾಲೆಯಲ್ಲಿ ಒಂದು ಕ್ಯಾಮೆರಾ ಹಚ್ಚಿದರು. ಈಗ ಸಾವಿರ, ಎರಡು ಸಾವಿರ ರೂಪಾಯಿಗೆ ಸಿಗುತ್ತೆ, ಮೊಬೈಲಿನಲ್ಲೇ ನೋಡಬಹುದು. ಹಳ್ಳಿಯಲ್ಲಿ ವಯಸ್ಸಾದವರನ್ನ ಬಿಟ್ಟು ಬಂದ ಎಷ್ಟೋ ಮನೆಗಳಲ್ಲಿ ಇದೆ, ನೋಡ್ತಿರೋ ನಿಮ್ಮ ಮನೆಯಲ್ಲೂ ಇರಬಹುದು. ಆ ಕ್ಯಾಮೆರಾದಲ್ಲಿ ಸ್ಪೀಕರ್ ಕೂಡ ಇರುತ್ತೆ. ಒಂದು ಮಧ್ಯಾಹ್ನ ದೊಡ್ಡಪ್ಪ ಅಂಗಾತ ಮಲಗಿದ್ದಾಗ ಗೋಡೆ ಮಾತಾಡಿತು: "ಅಪ್ಪಾ, ಬಿಪಿ ಗುಳಿಗಿ ತಗೊಂಡಿ?" ಎದೆ ಧಸಕ್ ಅಂದಿತಂತೆ. ಅವತ್ತೇ ಎದ್ದು ಅದರ ಮೇಲೆ ತಮ್ಮ ಟವೆಲ್ ಹಾಕಿದರು. ಮಕ್ಕಳು ಫೋನ್ ಮಾಡಿ ತೆಗೆಸಿದರು. ಮರುದಿನ ಮತ್ತೆ ಟವೆಲ್. ಹೀಗೆ ತಿಂಗಳು ನಡೀತು.

ಅಣ್ಣ ನನ್ನ ಹತ್ರ ದೂರು ಹೇಳಿದ. "ನೀನರ ಹೇಳು, ನಿನ್ನ ಮಾತು ಕೇಳ್ತಾನ. ಏನರ ಆದ್ರ ಊರವರು ನಮಗ ಉಗೀತಾರ." ಅವನ ಭಯ ಸುಳ್ಳಲ್ಲ. 2007ರ ಕಾನೂನಿದೆ, ತಂದೆತಾಯಿಯನ್ನ ನೋಡಿಕೊಳ್ಳದ ಮಕ್ಕಳ ಮೇಲೆ ಹಿರಿಯರು ಉಪವಿಭಾಗಾಧಿಕಾರಿ ಹತ್ರ ಅರ್ಜಿ ಹಾಕಬಹುದು, ಜೀವನಾಂಶ ಕೇಳಬಹುದು. 14567 ಅಂತ ಹಿರಿಯರ ಸಹಾಯವಾಣಿ ಇದೆ, ಬರೆದುಕೊಳ್ಳಿ, ಯಾರಿಗಾದರೂ ಬೇಕಾಗುತ್ತೆ. ಆದರೆ ಇದು ಆ ಕೇಸ್ ಅಲ್ಲ. ಇಲ್ಲಿ ಮಕ್ಕಳು ನೋಡಿಕೊಳ್ತಿದ್ದಾರೆ. ಒಂದರ್ಥದಲ್ಲಿ ಇಪ್ಪತ್ತನಾಲ್ಕು ತಾಸೂ ನೋಡ್ತಿದ್ದಾರೆ.

ನಾನು ದೊಡ್ಡಪ್ಪನಿಗೆ ಫೋನ್ ಹಚ್ಚಿದೆ. "ನೀ ಟಿವಿಯಾಗ ಕುಂತಾಗ ನಾವು ನೋಡ್ತೀವಿ. ನಿನಗ ಗೊತ್ತಿರತೈತಿ, ಪಗಾರ ಕೊಡ್ತಾರ, ಕುಂದ್ರತಿ. ನನಗ್ಯಾರು ಪಗಾರ ಕೊಡ್ತಾರ?" ಅಂದರು. ಮೂವತ್ತು ವರ್ಷದಿಂದ ಈ ಧಂಧೆಯಲ್ಲಿದ್ದೀನಿ, ಕ್ಯಾಮೆರಾ ಬಗ್ಗೆ ಇಷ್ಟು ಸ್ಪಷ್ಟವಾಗಿ ಯಾರೂ ನನಗೆ ಹೇಳಿರಲಿಲ್ಲ.

ಇನ್ನು ರೈಲಿನ ವಿಷಯ. ಆ ರೈಲಿನ ಹಳಿ ಹಾದಿರೋದು ದೊಡ್ಡಪ್ಪನ ಹೊಲದ ಮೂಲೆಯಲ್ಲಿ. ಎರಡು ಎಕರೆ ಹೋಯಿತು, ಪರಿಹಾರ ಬಂತು, ಮಕ್ಕಳು ಅದನ್ನ ಬೆಂಗಳೂರಿನಲ್ಲಿ ಮನೆ ಲೀಸಿಗೆ ಹಾಕಿದರು. ಹೊಲ ಹೋದದ್ದಕ್ಕೆ ಅವರು ಅತ್ತಿದ್ದನ್ನ ನಾನು ನೋಡಿಲ್ಲ. ಆದರೆ ಮೊದಲ ರೈಲು ಬಂದ ದಿನ ಬದುವಿನ ಮೇಲೆ ಹೋಗಿ ನಿಂತು ನೋಡಿದರಂತೆ. ಹತ್ತಲಿಲ್ಲ. ಹತ್ತೋಕೆ ಕಾರಣ ಬೇಕಲ್ಲ.

ಕಾರಣ ಆರು ತಿಂಗಳ ನಂತರ ಸಿಕ್ಕಿತು, ಕಣ್ಣಿನ ಪೊರೆ. ಹುಬ್ಬಳ್ಳಿಗೆ ಹೋಗಬೇಕು. ನಾನು ರಜೆ ಹಾಕಿ ಹೋದೆ. ಕಾರು ತರ್ತೀನಿ ಅಂದೆ, ಬೇಡ ಅಂದರು. ಬಸ್ಸು? ಬೇಡ. "ರೈಲಿನಾಗ ಹೋಗೂಣು." ಯಾಕೆ ಅಂತ ಕೇಳಿದ್ದಕ್ಕೆ ಸುತ್ತಮುತ್ತ ನೋಡಿ, ದನಿ ತಗ್ಗಿಸಿ ಹೇಳಿದರು, "ರೈಲಿನಾಗ ಒಂದಕ್ಕ ಹೋಗಾಕ ಜಾಗ ಐತಿ."

ನೋಡಿ, ಇದನ್ನ ಯಾವ ಡಿಬೇಟ್‌ನಲ್ಲೂ ನಾವು ಮಾತಾಡಿಲ್ಲ. ವಯಸ್ಸಾದ ಗಂಡಸರು ದೂರದ ಬಸ್ಸು ಹತ್ತೋದನ್ನ ಯಾಕೆ ಬಿಡ್ತಾರೆ? ದುಡ್ಡಿಗಲ್ಲ, ಮರ್ಯಾದೆಗೆ. ತಾಸಿಗೊಮ್ಮೆ ಎದ್ದು ಕಂಡಕ್ಟರಿಗೆ "ತಮ್ಮಾ, ಗಾಡಿ ಸ್ವಲ್ಪ ನಿಂದ್ರಸು" ಅನ್ನಬೇಕು. ಹಿಂದಿನಿಂದ ಯಾರೋ ನಗ್ತಾರೆ. ಹಾಗಾಗಿ ಹಿಂದಿನ ದಿನ ಸಂಜೆಯಿಂದಲೇ ನೀರು ಕುಡಿಯೋದು ನಿಲ್ಲಿಸ್ತಾರೆ. ಸಕ್ಕರೆ ಕಾಯಿಲೆ, ಬಿಪಿ ಇರೋ ಜನ ನೀರು ಬಿಟ್ಟು ಪ್ರಯಾಣ ಮಾಡ್ತಾರೆ. ಹೆಂಗಸರದಂತೂ ಕೇಳಲೇಬೇಡಿ. ಇದರ ಮೇಲೆ ಮೊಣಕಾಲು. ಬಸ್ಸಿನ ಮೊದಲ ಮೆಟ್ಟಿಲು ಇರೋ ಎತ್ತರ ನೋಡಿದರೆ, ಅದನ್ನ ಮಾಡಿದವರ ಮನೆಯಲ್ಲಿ ಅಜ್ಜಿ ಇರಲಿಲ್ಲವೇನೋ ಅನ್ನಿಸುತ್ತೆ.

ಹೆಂಗಸರ ಮಾತು ಬಂತು, ಚಿಗವ್ವನ ವಿಷಯ ಹೇಳದೇ ಮುಂದೆ ಹೋಗಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಗೆ ಬಂತು, ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಈ ಯೋಜನೆ ಮೇಲೆ ನಾನೇ ಎಷ್ಟೋ ರಾತ್ರಿ ಚರ್ಚೆ ನಡೆಸಿದ್ದೀನಿ. ಖಜಾನೆ ಖಾಲಿ ಅನ್ನೋರು, ಬಿಟ್ಟಿ ಭಾಗ್ಯ ಅನ್ನೋರು, ಗೇಮ್ ಚೇಂಜರ್ ಅನ್ನೋರು. ಖರ್ಚಿನ ಪ್ರಶ್ನೆ ಕೇಳಲೇಬೇಕು, ಅದನ್ನ ಬಿಡಲ್ಲ. ಆದರೆ ನನ್ನ ಚಿಗವ್ವ, ಎಪ್ಪತ್ತು ದಾಟಿದಾಕೆ, ಯಲಬುರ್ಗಾ ತಾಲೂಕಿನಲ್ಲಿರ್ತಾಳೆ. ಜೀವನದಲ್ಲಿ ಒಬ್ಬಳೇ ಬಸ್ಸು ಹತ್ತಿದವಳಲ್ಲ. ಈಗ ಓಣಿಯ ನಾಲ್ಕು ಮುದುಕಿಯರು ಸೇರಿ ಆಧಾರ್ ಕಾರ್ಡನ್ನ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಗೆ ಹೋಗ್ತಾರೆ, ಗವಿಮಠದ ಜಾತ್ರೆಗೆ ಹೋಗ್ತಾರೆ, ಅಂಜನಾದ್ರಿ ಕೆಳಗೆ ನಿಂತು ಕೈ ಮುಗಿದು ಬರ್ತಾರೆ. ಐದುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತೋಕೆ ಆಗಲ್ಲ, "ಹಣಮಪ್ಪಗ ಕೆಳಗಿಂದನ ಕಾಣತೈತಿ" ಅಂತಾಳೆ. ಪುಕ್ಕಟೆ ಅಂತ ತಿರುಗ್ತೀಯಾ ಚಿಗವ್ವ ಅಂತ ನಾನು ರೇಗಿಸಿದೆ. "ಪುಕ್ಕಟೆ ಅಂತಲ್ಲೋ ತಮ್ಮಾ. ಹೋಗ್ತೀನಿ, ರೊಕ್ಕ ಕೊಡ್ರಿ ಅಂತ ಮಗನ ಮುಂದ ನಿಂದ್ರಬೇಕಿತ್ತು. ಅಂವ ಯಾಕ ಹೋಗ್ತಿ ಅಂತಿದ್ದ. ಈಗ ಯಾರೂ ಕೇಳಂಗಿಲ್ಲ." ನನ್ನ ಚರ್ಚೆಗಳಿಗೆ ಬಂದ ಅರ್ಥಶಾಸ್ತ್ರಜ್ಞರು ಇದನ್ನ ಹೇಳಿರಲಿಲ್ಲ.

ದೊಡ್ಡಪ್ಪನಿಗೆ ಇದರ ಬಗ್ಗೆ ಸ್ವಲ್ಪ ಹೊಟ್ಟೆಕಿಚ್ಚು ಇದೆ. "ಗಂಡಸರಿಗೆ ಯಾಕಿಲ್ಲ?" ಅವರ ಪ್ರಶ್ನೆಯನ್ನ ನಾನು ಇನ್ನೊಂದು ಕಡೆ ತಿರುಗಿಸ್ತೀನಿ. ರೈಲ್ವೆಯಲ್ಲಿ ಹಿರಿಯ ನಾಗರಿಕರಿಗೆ ರಿಯಾಯಿತಿ ಇತ್ತು. 60 ದಾಟಿದ ಗಂಡಸರಿಗೆ ಶೇ 40, 58 ದಾಟಿದ ಹೆಂಗಸರಿಗೆ ಶೇ 50. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ನಿಲ್ಲಿಸಿದರು. ಕೊರೊನಾ ಹೋಯಿತು, ರಿಯಾಯಿತಿ ವಾಪಸ್ ಬರಲಿಲ್ಲ. ಸ್ಲೀಪರ್‌ಗೆ, ಥರ್ಡ್ ಎಸಿಗಾದರೂ ಕೊಡಿ ಅಂತ ಸಂಸತ್ತಿನ ಸ್ಥಾಯಿ ಸಮಿತಿಯೇ ಹೇಳಿತು. ಎಲ್ಲ ಟಿಕೆಟ್ಟಿನಲ್ಲೂ ಸರ್ಕಾರ ಸಬ್ಸಿಡಿ ಕೊಡ್ತಾನೇ ಇದೆ ಅನ್ನೋದು ರೈಲ್ವೆ ಉತ್ತರ. ಇರಬಹುದು. ನಮ್ಮ ಕುಷ್ಟಗಿ ರೈಲಿನ ಟಿಕೆಟ್ ದುಬಾರಿ ಏನಲ್ಲ, ದೊಡ್ಡಪ್ಪ ಅದನ್ನ ಕೇಳ್ತಿಲ್ಲ. ಮಕ್ಕಳನ್ನ ನೋಡೋಕೆ ಬೆಂಗಳೂರಿಗೆ ಹೋಗೋ ಟಿಕೆಟ್ ಕೇಳ್ತಿದ್ದಾರೆ. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಅದರಲ್ಲಿ ಗುಳಿಗೆ, ಎಣ್ಣೆ, ಕರೆಂಟು ಕಳೆದು, ಹೋಗಿ ಬರೋ ಖರ್ಚು ಹೊಂದಿಸಿ ನೋಡಿ.

ಹತ್ತಿದೆವು ಅಂತೂ. ಕಿಟಕಿ ಪಕ್ಕ ಕೂತರು. ಒಂದು ಕಣ್ಣು ಮಸುಕು, ಇನ್ನೊಂದರಲ್ಲೇ ಹೊರಗೆ ನೋಡ್ತಾ ಹೊಲಗಳನ್ನ ಗುರುತು ಹಿಡಿಯೋಕೆ ಶುರು ಮಾಡಿದರು. ಇದು ಇಂಥವರದು, ಇವರ ಅಣ್ಣತಮ್ಮರ ವಾಟ್ನಿ ಆಗಿ ಎರಡಾಗೈತಿ, ಇಲ್ಲಿ ಮೊದಲು ಹುಣಸೀ ಗಿಡ ಇತ್ತು. ಹೆಸರು ಮರೆತಾಗ ಹಣೆ ಬಡಿದುಕೊಳ್ಳೋರು. ನಿನ್ನೆ ಬಂದು ಹೋದವರ ಹೆಸರು ಅವರಿಗೆ ನೆನಪಿರಲ್ಲ, ಗುಳಿಗೆ ತಗೊಂಡಿದ್ದು ನೆನಪಿರಲ್ಲ. ಆದರೆ ಯಾವ ಹೊಲದಲ್ಲಿ ಯಾವ ಬರದ ವರ್ಷ ಸಜ್ಜೆ ಒಣಗಿತು ಅನ್ನೋದು ಇಟ್ಟಂತೆ ಇದೆ. ಯಲಬುರ್ಗಾ ದಾಟಿ ಕುಕನೂರಿನ ಕಡೆ ಕರಿ ಭೂಮಿ ಬಂದಾಗ, ಮೊಳಕಾಲುದ್ದ ಬೆಳೆದ ಬಿಳಿಜೋಳ ನೋಡಿ ಸುಮ್ಮನಾದರು. ಚಕ್ಕಡಿ ಕಟ್ಟಿಕೊಂಡು ಇದೇ ಸೀಮೆಯಲ್ಲಿ ಗವಿಮಠದ ಜಾತ್ರೆಗೆ ಹೋಗ್ತಿದ್ದುದು, ದಾರಿಯಲ್ಲಿ ಎತ್ತಿಗೆ ನೀರು ಕುಡಿಸಿದ ಹಳ್ಳ, ಬುತ್ತಿ ಬಿಚ್ಚಿದ ಬೇವಿನ ಗಿಡ, ಎಲ್ಲ ಹೇಳಿದರು. ಆ ಹಳ್ಳ ನಮಗೆ ಕಾಣಲಿಲ್ಲ. ರೈಲು ಬೇರೆ ದಾರಿ ಹಿಡಿದಿತ್ತು.

ಒಂದು ವಿಷಯ ಅವರಿಗೆ ಸಿಟ್ಟು ತರಿಸಿತು. ಈ ರೈಲು ನಮ್ಮ ಜಿಲ್ಲಾ ಕೇಂದ್ರಕ್ಕೆ ಹೋಗಲ್ಲ. ತಳಕಲ್‌ಗೆ ಬಂದು ಗದಗ, ಹುಬ್ಬಳ್ಳಿ ಕಡೆ ತಿರುಗುತ್ತೆ. ಕೊಪ್ಪಳ ಅಲ್ಲಿಂದ ಇನ್ನೊಂದು ದಿಕ್ಕು. "ಕೋರ್ಟು, ಡಿಸಿ ಆಫೀಸು ಎಲ್ಲಾ ಆ ಕಡಿ, ರೈಲು ಈ ಕಡಿ. ಚಲೋ ಮಾಡ್ಯಾರ" ಅಂದರು. 1998ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆ ಆಯಿತು, ಕೆಲಸಕ್ಕೆ ದೂರ ಹೋಗೋದು ತಪ್ಪಲಿ ಅಂತಲೇ. ನಾಲ್ಕು ತಾಲೂಕಿನ ಜಿಲ್ಲೆ ಈಗ ಕುಕನೂರು, ಕನಕಗಿರಿ, ಕಾರಟಗಿ ಸೇರಿ ಏಳಾಗಿದೆ. ಹಳಿಗೂ ಇವಕ್ಕೂ ಇನ್ನೂ ಹೊಂದಾಣಿಕೆ ಆಗಿಲ್ಲ.

ಗದಗ ಸ್ಟೇಷನ್ನಿನಲ್ಲಿ ಮಿರ್ಚಿ, ವಗ್ಗರಣಿ ತಿಂದೆವು. ಆಗ ನನ್ನ ಮುಖ ಹತ್ತಿರದಿಂದ ನೋಡಿದರು. "ಟಿವಿಯಾಗ ನಿನಗ ವಯಸ್ಸ ಆಗಿಲ್ಲ. ಇಲ್ಲಿ ಆಗೇತಿ." ನನಗೆ ಐವತ್ತನಾಲ್ಕು. ಕೂದಲಿಗೆ ಬಣ್ಣ, ಮುಖಕ್ಕೆ ಪೌಡರು, ನಾಲ್ಕು ದೀಪ, ಅಕ್ಷರ ದೊಡ್ಡದಾಗಿ ಓಡೋ ಪ್ರಾಂಪ್ಟರ್. ಎರಡು ವರ್ಷದಿಂದ ಆ ಅಕ್ಷರದ ಸೈಜನ್ನ ನಾನು ಸದ್ದಿಲ್ಲದೆ ಹೆಚ್ಚಿಸ್ತಾ ಬಂದಿದ್ದೀನಿ ಅಂತ ಹೇಳಿದಾಗ, ಆ ದಿನದಲ್ಲಿ ಮೊದಲ ಸಲ ಗಟ್ಟಿಯಾಗಿ ನಕ್ಕರು. ಪಕ್ಕದವರು ಯಾರೋ ನನ್ನ ಗುರುತು ಹಿಡಿದು ಸೆಲ್ಫಿಗೆ ಬಂದರು. ದೊಡ್ಡಪ್ಪ ತಾವೂ ಟೋಪಿ ಸರಿ ಮಾಡಿಕೊಂಡು ನಿಂತರು. ಆ ಕ್ಯಾಮೆರಾಕ್ಕೆ ಅವರ ತಕರಾರು ಇರಲಿಲ್ಲ.

ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಮಕ್ಕಳಿಬ್ಬರೂ ರಾತ್ರಿ ಬಸ್ಸಿಗೆ ಹುಬ್ಬಳ್ಳಿಗೆ ಬಂದರು. ಅಲ್ಲೇ ವಾರ್ಡಿನಲ್ಲಿ ಮಂಚದ ಸುತ್ತ ಕೂತು ಕ್ಯಾಮೆರಾ ವಿಷಯ ಮಾತಾಯಿತು. ದೊಡ್ಡಪ್ಪ ಒಂದು ಷರತ್ತು ಹಾಕಿದರು: ಪಡಸಾಲೆಯಲ್ಲಿ ಬೇಡ, ಬೇಕಿದ್ದರೆ ತಲಬಾಗಿಲ ಹೊರಗೆ ಹಚ್ಚಿ. ಬೆಳಿಗ್ಗೆ ಬಾಗಿಲು ತೆಗೆದು ಹೊರಗೆ ಬಂದರೆ ಬದುಕಿದ್ದೀನಿ ಅಂತ ತಿಳ್ಕೊಳ್ಳಿ. ಮಾತಾಡಬೇಕಂದರೆ ಫೋನ್ ಮಾಡಿ, ಗೋಡೆಯಿಂದ ಮಾತಾಡಬೇಡಿ. ಅಣ್ಣನಿಗೆ ಪೂರ್ತಿ ಸಮಾಧಾನ ಇಲ್ಲ. ಬಚ್ಚಲಲ್ಲಿ ಬಿದ್ದರೆ ಏನು ಮಾಡೋದು ಅಂತ ಅವನು ಕೇಳಿದ್ದಕ್ಕೆ ಯಾರ ಹತ್ರವೂ ಉತ್ತರ ಇರಲಿಲ್ಲ. ನನ್ನ ಹತ್ರವೂ ಇಲ್ಲ. ಸದ್ಯಕ್ಕೆ ಪಕ್ಕದ ಮನೆಯ ಹುಡುಗನಿಗೆ ದಿನಾ ಸಂಜೆ ಒಮ್ಮೆ ಬಂದು ಹೋಗು ಅಂತ ಹೇಳಿದ್ದಾರೆ. ಕ್ಯಾಮೆರಾ ಈಗ ಬಾಗಿಲ ಹೊರಗಿದೆ.

ಹೊಸ ಕಣ್ಣಿನಲ್ಲಿ ದೊಡ್ಡಪ್ಪ ಈಗ ನನ್ನ ಕಾರ್ಯಕ್ರಮದ ಕೆಳಗೆ ಓಡೋ ಸಾಲುಗಳನ್ನೂ ಓದ್ತಾರೆ, ಅಕ್ಷರ ತಪ್ಪಿದ್ದರೆ ಫೋನ್ ಮಾಡ್ತಾರೆ. ಮೊನ್ನೆ ಮಾಡಿದ್ದು ಅದಕ್ಕಲ್ಲ. ಅವರ ತಂಗಿಯನ್ನ ಲಿಂಗಸುಗೂರಿಗೆ ಕೊಟ್ಟಿದೆ. ಆಕೆಗೂ ಮೊಣಕಾಲು, ಇವರಿಗೂ ಮೊಣಕಾಲು, ಮುಖ ನೋಡಿ ನಾಲ್ಕು ವರ್ಷ ಆಯಿತು. ಕುಷ್ಟಗಿಯಿಂದ ಮುಂದೆ ಹಳಿ ಹಾಕೋ ಕೆಲಸ ಇನ್ನೂ ನಡೀತಾ ಇದೆ. "ನೀ ದೊಡ್ಡ ದೊಡ್ಡ ಮಂದಿ ಕೂಡ ಮಾತಾಡ್ತಿ. ಲಿಂಗಸುಗೂರಿಗೆ ಯಾವಾಗ ಬಿಡ್ತಾರ, ತಾರೀಕು ಕೇಳಿ ಹೇಳು" ಅಂದರು. ನಮ್ಮ ಹುಬ್ಬಳ್ಳಿ ವರದಿಗಾರರಿಗೆ ಹೇಳಿದ್ದೀನಿ. ರೈಲ್ವೆಯವರು ತಾರೀಕು ಕೊಟ್ಟ ದಿನ ಅದನ್ನ ಇದೇ ಒಂಬತ್ತು ಗಂಟೆಗೆ ಓದ್ತೀನಿ, ನಲವತ್ತು ಸೆಕೆಂಡಿಗಿಂತ ಜಾಸ್ತಿ ಸಮಯ ತಗೊಂಡು.